ಹೂಂ ಅಂದೆ ಅಷ್ಟೆ

ಆ ಶುಕ್ರವಾರ ನನ್ನ ಪರದೆಗೆ ಬಂದ ದೂರಿನಲ್ಲಿ ಎರಡೇ ಸಾಲಿತ್ತು. 'ನಾನು ಒಪ್ಪಿಲ್ಲ, ಹೂಂ ಅಂದೆ ಅಷ್ಟೆ. ಗುರುವಾರದೊಳಗೆ ಸರಿಮಾಡಿ.' ದೂರು ಕೊಟ್ಟವರ ಹೆಸರಾಗಲಿ ನಂಬರಾಗಲಿ ನಮಗೆ ಕಾಣುವುದಿಲ್ಲ. ದೂರಿನ ಜೊತೆ ಒಂದು ಫೋನ್ ಕರೆಯ ಧ್ವನಿ ಬರುತ್ತದೆ, ಆ ಕರೆಯ ಬಗ್ಗೆ ಯಂತ್ರ ಬರೆದ ಸಾರಾಂಶ ಬರುತ್ತದೆ, ಕೆಳಗೆ ಮೂರು ಬಟನ್ ಇರುತ್ತವೆ: ಸಾರಾಂಶ ಸರಿ, ಸಾರಾಂಶ ತಪ್ಪು, ಗೊತ್ತಾಗುತ್ತಿಲ್ಲ. ಕೇಳಿ, ಓದಿ, ಮೂರರಲ್ಲಿ ಒಂದನ್ನು ಒತ್ತಿ ಮುಂದಿನ ದೂರಿಗೆ ಹೋಗುವುದು ನನ್ನ ಕೆಲಸವಾಗಿತ್ತು.

ನಾವು ಕೂರುತ್ತಿದ್ದದ್ದು ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿ, ಟೈಲ್ಸ್ ಗೋದಾಮಿನ ಮೇಲಿನ ಮಹಡಿಯಲ್ಲಿ. ಕೆಳಗೆ ಲಾರಿಗೆ ಲೋಡ್ ಮಾಡುವಾಗ ನಮ್ಮ ಮೇಜುಗಳು ಅದುರುತ್ತಿದ್ದವು. ಯಾರ ಫೋನು ಕೈಗೆತ್ತಿಕೊಂಡರೂ ಅದರಲ್ಲಿ ಏನಾದರೊಂದು ಇಟ್ಟಿರುವ ಆ ದೊಡ್ಡ ಕಂಪನಿ ನಮ್ಮನ್ನು ನೇರವಾಗಿ ಕೆಲಸಕ್ಕೆ ಇಟ್ಟುಕೊಂಡಿರಲಿಲ್ಲ. ಅದಕ್ಕೂ ನಮಗೂ ನಡುವೆ ಒಬ್ಬ ವೆಂಡರ್ ಇದ್ದ. ಕಂಪನಿಯ ಹೆಸರನ್ನು ಆಫೀಸಿನಲ್ಲಿ ಯಾರೂ ಎತ್ತುವಂತಿರಲಿಲ್ಲ. 'ಕ್ಲೈಂಟ್' ಎನ್ನಬೇಕಿತ್ತು, ಹಳ್ಳಿಯ ಹೆಂಗಸರು ಗಂಡನನ್ನು 'ಅವ್ರು' ಅನ್ನುವ ಹಾಗೆ.

ಕ್ಲೈಂಟ್ ಆಗಷ್ಟೇ ಹೊಸ ಕರೆ ಆ್ಯಪ್ ಬಿಟ್ಟಿತ್ತು. ಅದರಲ್ಲಿ ಫೋನ್ ಮಾಡಿದರೆ ಯಂತ್ರವೊಂದು ನಡುವೆ ಕೂತು ಇಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತದೆ. ಕರೆ ಮುಗಿದ ಕೂಡಲೇ ಯಾರು ಏನು ಹೇಳಿದರು, ಯಾರು ಏನು ಒಪ್ಪಿದರು, ಯಾವತ್ತು ಎಲ್ಲಿಗೆ ಬರುತ್ತಾರೆ ಎಂದು ನಾಲ್ಕು ಸಾಲು ಬರೆದು ಇಬ್ಬರ ಫೋನಿಗೂ ಕಳಿಸುತ್ತದೆ. ಬಸ್ಸಿನ ಬೆನ್ನ ಮೇಲೆ, ಹಾಲಿನ ಡೈರಿಯ ಗೋಡೆಯ ಮೇಲೆ ಎಲ್ಲೆಲ್ಲೂ ಅದರ ಜಾಹೀರಾತು. ಮೇಲಾಗಿ ಪುಕ್ಕಟೆ. ಹೂವಿನ ಮಂಡಿಯವರು, ಟ್ರ್ಯಾಕ್ಟರ್ ಬಾಡಿಗೆಗೆ ಬಿಡುವವರು, ಮಗ್ಗದವರು, ಸೈಟಿನ ದಲ್ಲಾಳಿಗಳು ಎಲ್ಲರೂ ಹಾಕಿಕೊಂಡರು. ದೂರು ಕೊಟ್ಟರೆ ಆ ಕರೆಯನ್ನು ಮನುಷ್ಯರು ಕೂತು ಕೇಳುತ್ತಾರೆ ಎಂಬ ಸಂಗತಿ ಆ್ಯಪಿನ ಯಾವುದೋ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿತ್ತು. ದಾಬಸ್‌ಪೇಟೆಯಲ್ಲಿ ಹೆಡ್‌ಫೋನ್ ಹಾಕಿಕೊಂಡ ಹೆಂಗಸೊಬ್ಬಳು ತಮ್ಮ ಮನೆಯ ಜಗಳ ಕೇಳುತ್ತಾಳೆಂದು ಗೊತ್ತಿದ್ದರೆ ಎಷ್ಟು ಜನ ದೂರು ಕೊಡುತ್ತಿದ್ದರೋ ನಾನರಿಯೆ.

ಆ ದೂರಿನ ಕರೆಯನ್ನು ಕೇಳಿದೆ. ಅಣ್ಣ ತಂಗಿಗೆ ಮಾಡಿದ್ದು. ಹೆಸರು ಬಂದ ಕಡೆಯೆಲ್ಲ ಯಂತ್ರ ಕೀಂ ಎಂದು ಸದ್ದು ಹಾಕಿ ಮುಚ್ಚಿತ್ತು. ಆದರೆ ನಮ್ಮ ಕಡೆಯ ಊರುಗಳ ಹೆಸರು ಅದಕ್ಕೆ ಗೊತ್ತಿಲ್ಲವಾದ್ದರಿಂದ ಬೆಳವಂಗಲ ಹಾಗೇ ಉಳಿದುಕೊಂಡಿತ್ತು. ತಂಗಿಯ ಹಿಂದೆ ಪವರ್‌ಲೂಮ್ ಮಗ್ಗದ ಸದ್ದು. ಅಪ್ಪನ ಜಮೀನಿಗೆ ಪಾರ್ಟಿ ಬಂದಿದೆ ಎಂದು ಅಣ್ಣ ಶುರುಮಾಡಿದ. ಜಮೀನಿನಲ್ಲಿ ಹೆಣ್ಣುಮಕ್ಕಳಿಗೂ ಪಾಲಿರುವುದರಿಂದ, ನನ್ನ ಪಾಲು ಬಿಟ್ಟಿದ್ದೇನೆಂದು ತಂಗಿ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕದೆ ಆತ ಅದನ್ನು ಮಾರುವ ಹಾಗಿಲ್ಲ.

"ಬೆಳವಂಗಲದ ನಾಡಕಚೇರೀಲಿ ವಂಶವೃಕ್ಷ ಮಾಡ್ಸಿದ್ದೀನಿ ಕಣಮ್ಮ. ಗುರುವಾರ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬಂದು ಒಂದು ಸೈನ್ ಹಾಕ್ಬಿಡು, ಮುಗೀತು."

"ಹೂಂ."

"ನಿಂಗೇನು ಕಮ್ಮಿ ಮಾಡಿದ್ದೀವಿ ನಾವು? ಮದ್ವೆ, ಬಾಣಂತನ ಎಲ್ಲ ಮಾಡಿದ್ದೀವಿ."

"ಹೂಂ ಕಣಣ್ಣ."

"ಹೆಣ್ಮಕ್ಕಳು ಪಾಲು ಕೇಳಿದ್ರೆ ಊರಲ್ಲಿ ಏನಂತಾರೆ ಹೇಳು."

"ಹೂಂ... ಮನೇಲಿ ಒಂದ್ಮಾತು ಕೇಳ್ತೀನಣ್ಣ. ನೋಡಾಣ."

ಯಂತ್ರ ಬರೆದ ಸಾರಾಂಶ ಹೀಗಿತ್ತು: 'ತಂದೆಯ ಜಮೀನಿನಲ್ಲಿ ತಮ್ಮ ಪಾಲನ್ನು ಬಿಟ್ಟುಕೊಡಲು ತಂಗಿ ಒಪ್ಪಿದ್ದಾರೆ. ಗುರುವಾರ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದು ಸಹಿ ಹಾಕುತ್ತಾರೆ.' ಮನೆಯಲ್ಲಿ ಕೇಳುತ್ತೇನೆ ಅಂದದ್ದೂ ಇಲ್ಲ, ನೋಡೋಣ ಅಂದದ್ದೂ ಇಲ್ಲ. ಅಣ್ಣ ಆ ಸಾರಾಂಶವನ್ನು ಮನೆಯವರ ಗುಂಪಿಗೂ ಇನ್ನೂ ಹಲವರಿಗೂ ಕಳಿಸಿದ್ದ ಎಂಬುದಕ್ಕೆ ಪಕ್ಕದಲ್ಲಿ ಗುರುತಿತ್ತು.

ಮೈ ಉರಿದುಹೋಯಿತು. ನಮ್ಮ ಕಡೆ ಹಿರಿಯರು ಮಾತಾಡುವಾಗ ಸುಮ್ಮನೆ ಕೂತರೆ ಅದು ಅಗೌರವ. 'ಏನಮ್ಮ, ಕೇಳ್ತಾ ಇದ್ದೀಯಾ?' ಎಂದು ಗದರುತ್ತಾರೆ. ಅದಕ್ಕೇ ಮಾತಿಗೊಂದು ಹೂಂ ಹಾಕುತ್ತಾ ಹೋಗುತ್ತೇವೆ. ಹೂಂಗುಟ್ಟುವುದು ಎಂದು ಅದಕ್ಕೊಂದು ಪದವೇ ಉಂಟು. ನಿನ್ನ ಮಾತು ನನ್ನ ಕಿವಿಗೆ ಬೀಳುತ್ತಿದೆ ಎಂಬುದಕ್ಕಿಂತ ಹೆಚ್ಚಿನದೇನೂ ಅದರಲ್ಲಿಲ್ಲ. ಇನ್ನು 'ಮನೇಲಿ ಕೇಳ್ತೀನಿ, ನೋಡಾಣ' ಎಂದರೆ ಆಗಲ್ಲ ಎಂದು ಮರ್ಯಾದೆಯಾಗಿ ಹೇಳುವುದು. ಇದನ್ನು ಆ ಅಣ್ಣನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವನಿಗೂ ಅರ್ಥವಾಗಿತ್ತು. ಆದರೆ ಅವನ ಕೈಗೆ ಈಗ ಬರಹವೊಂದು ಸಿಕ್ಕಿತ್ತು. ಗುರುವಾರ ಅವಳು ಹೋಗದಿದ್ದರೆ ಪಾಲು ಕೇಳಿದವಳು ಎಂಬುದರ ಜೊತೆಗೆ ಒಪ್ಪಿ ಮಾತಿಗೆ ತಪ್ಪಿದವಳು ಎಂದೂ ಅನ್ನಿಸಿಕೊಳ್ಳಬೇಕು. ಅಷ್ಟು ಜನರ ಮುಂದೆ ಆ ಮಾತು ಹೊತ್ತುಕೊಳ್ಳುವ ಬದಲು ಹೋಗಿ ಸಹಿ ಹಾಕಿ ಬರುವ ಹೆಣ್ಣುಮಕ್ಕಳೇ ಹೆಚ್ಚು.

ನಾನು 'ಸಾರಾಂಶ ತಪ್ಪು' ಒತ್ತಿದೆ.

ಶನಿವಾರ ಅದು ನನ್ನ ತಪ್ಪೆಂದು ವಾಪಸು ಬಂತು. ನಾವು ಒತ್ತಿದ್ದನ್ನು ಇನ್ನೊಂದು ಊರಿನಲ್ಲಿ ಕೂತ ಕ್ಯೂಸಿಯವರು, ಅಂದರೆ ಗುಣಮಟ್ಟ ತಪಾಸಣೆಯವರು, ಮತ್ತೆ ನೋಡುತ್ತಾರೆ. ಅವರಿಗೆ ಕನ್ನಡ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅವರ ಬಳಿ ಗೈಡ್‌ಲೈನ್ ಇದೆ. ಅದರಲ್ಲಿ ಕನ್ನಡದ ಒಪ್ಪಿಗೆಯ ಪದಗಳು ಎಂಬ ತಲೆಬರಹದ ಕೆಳಗೆ ಹೌದು, ಸರಿ, ಆಯ್ತು, ಆಗಲಿ, ಹೂಂ ಎಂದು ಬರೆದಿತ್ತು. ಇಂಥ ಪದ ಬಂದಮೇಲೆ ಸ್ಪಷ್ಟವಾದ 'ಇಲ್ಲ' ಅಥವಾ 'ಬೇಡ' ಬರದಿದ್ದರೆ ಒಪ್ಪಿಗೆಯೆಂದೇ ತಿಳಿಯತಕ್ಕದ್ದು. ತಂಗಿ ಹೂಂ ಅಂದಿದ್ದಾಳೆ, ಬೇಡ ಅಂದಿಲ್ಲ. ಅಲ್ಲಿಗೆ ಮುಗಿಯಿತು.

ಪಕ್ಕದ ಮೇಜಿನ ಹುಡುಗಿಗೆ ತೋರಿಸಿದೆ. ಶಿವಗಂಗೆ ಕಡೆಯವಳು, ಹೊಸದಾಗಿ ಮದುವೆಯಾದವಳು. ಕೇಳಿ ನಕ್ಕಳು. "ನಮ್ಮತ್ತೆ ಮಾತಾಡೋವಾಗ ನಾನು ಹೂಂ ಅಂದಿದ್ದೆಲ್ಲ ಒಪ್ಪಿಗೆ ಅಂದ್ರೆ ಅಕ್ಕ, ನಾನು ಈಗಾಗ್ಲೇ ಕೆಲ್ಸ ಬಿಟ್ಟು ಎರಡು ಮಕ್ಕಳ ತಾಯಿ ಆಗ್ಬಿಟ್ಟಿರ್ಬೇಕಿತ್ತು." ನನಗೂ ನಗು ಬಂತು. ಆದರೆ ಆ ಶನಿವಾರ ಅದೇ ಪಟ್ಟಿಯ ಪ್ರಕಾರ ನಾವಿಬ್ಬರೂ ಸಂಜೆಯವರೆಗೆ 'ಸಾರಾಂಶ ಸರಿ' ಒತ್ತುತ್ತಲೇ ಇದ್ದೆವು.

ಸೋಮವಾರ ಮ್ಯಾನೇಜರ ಗಾಜಿನ ಕೋಣೆಗೆ ಹೋದೆ. ತುಮಕೂರು ಕಡೆಯವರು, ಕೆಟ್ಟವರಲ್ಲ. ಯಾರಿಗೂ ಏರುದನಿಯಲ್ಲಿ ಬೈದವರಲ್ಲ, ಯಾರ ಪರವಾಗಿಯೂ ದನಿ ಎತ್ತಿದವರಲ್ಲ. ಕರೆಯನ್ನು ಕೇಳಿಸಿದೆ. ಗೈಡ್‌ಲೈನ್ ಪ್ರಕಾರ ಸರಿಯಿದೆಯಲ್ಲ ಎಂದರು. ಗೈಡ್‌ಲೈನೇ ತಪ್ಪು ಎಂದೆ. ಅದನ್ನು ಬರೆದದ್ದು ಕ್ಲೈಂಟ್, ನಾವಲ್ಲ ಎಂದು ಕೈ ತೊಳೆದುಕೊಂಡರು.

"ಅಲ್ಲ ಮೇಡಂ, ಆಯಮ್ಮಂಗೆ ಬೇಡ ಅನ್ಸಿದ್ರೆ ಬೇಡ ಅಂತ ಹೇಳ್ಬೋದಿತ್ತಲ್ವಾ?"

"ನಿಮ್ಮ ತಂಗಿ ನಿಮ್ಗೆ ಯಾವತ್ತಾದ್ರೂ ಬೇಡ ಅಂದಿದ್ದಾರಾ ಸರ್?"

ಅವರು ಪೆನ್ನಿನ ಮುಚ್ಚಳ ಹಾಕಿ ಕ್ಯಾಲೆಂಡರ್ ತೆರೆದರು. ಆಮೇಲೆ, ಮಂಗಳವಾರ ಕ್ಲೈಂಟ್ ಜೊತೆ ವಾರದ ವಿಡಿಯೊ ಮೀಟಿಂಗ್ ಇದೆ, ಉದಾಹರಣೆಗಳನ್ನು ಸಿದ್ಧಮಾಡಿಕೊಂಡು ಬನ್ನಿ, ಆದರೆ ಸಿಟ್ಟು ಮಾಡಿಕೊಳ್ಳಬೇಡಿ ಎಂದರು. ಕೊನೆಯದು ಅವರಿಗೆ ತೀರಾ ಮುಖ್ಯವಾಗಿತ್ತು.

ಉಳಿದ ದಿನವೆಲ್ಲ ಹಳೆಯ ದೂರುಗಳನ್ನು ತೆಗೆದು ಹೂಂ ಬಂದ ಕಡೆಯನ್ನಷ್ಟೇ ಕತ್ತರಿಸಿ ಜೋಡಿಸಿದೆ. ಪರದೆಯ ಮೇಲೆ ಧ್ವನಿ ಅಲೆಗಳಾಗಿ ಕಾಣುತ್ತದೆ. ವೇಗ ಕಡಿಮೆ ಮಾಡಿ ಕೇಳಿದರೆ ಹೂಂಗಳು ಒಂದರಂತೆ ಒಂದಿರಲಿಲ್ಲ. ಕೇಳಿಸಿಕೊಳ್ಳುವ ಹೂಂ ಚಪ್ಪಟೆಯಾಗಿ ಬೇಗ ಮುಗಿಯುತ್ತದೆ. ಏನಂದೆ ಎಂದು ಕೇಳುವ ಹೂಂ ಕೊನೆಗೆ ಮೇಲೇಳುತ್ತದೆ. ಸಾಕು ಬಿಡಪ್ಪ ಎನ್ನುವ ಹೂಂ ಉದ್ದವಾಗಿ ಮೂಗಿನಲ್ಲಿ ಕರಗುತ್ತದೆ. ನಿಜವಾಗಿ ಒಪ್ಪಿದವರು ಬರೀ ಹೂಂ ಎಂದು ಬಿಡುವುದು ಅಪರೂಪ. 'ಹೂಂ, ಆಯ್ತು, ಬರ್ತೀನಿ' ಎಂದು ಅದಕ್ಕೊಂದು ಬಾಲ ಇರುತ್ತದೆ.

ಹೀಗೆ ಹುಡುಕುತ್ತಿದ್ದಾಗ ಇನ್ನೊಂದು ಸಿಕ್ಕಿತು. ಟೊಮೆಟೊ ಮಾರುವ ಒಬ್ಬ ಹೆಂಗಸು ದಲ್ಲಾಳಿಗೆ ಸ್ಪಷ್ಟವಾಗಿ 'ಊಹೂಂ' ಎಂದಿದ್ದಳು. ಯಂತ್ರ ಅದನ್ನು 'ಹೂಂ' ಎಂದು ಬರೆದುಕೊಂಡು ಒಪ್ಪಿದ್ದಾರೆ ಎಂದಿತ್ತು. ಯಾಕೆಂದು ನೋಡಿದರೆ, ಹಿಂದಿನ ಗದ್ದಲ ತೆಗೆದುಹಾಕುವ ತಂತ್ರ ಮೊದಲ 'ಊ' ಅನ್ನು ಉಸಿರಿನ ಸದ್ದೆಂದು ತಿಳಿದು ಕತ್ತರಿಸಿ ಎಸೆದಿತ್ತು. ಇಲ್ಲ ಎಂದದ್ದರ ತಲೆ ತೆಗೆದು ಹೌದು ಮಾಡಿತ್ತು. ಅದನ್ನೂ ಜೋಡಿಸಿಕೊಂಡೆ.

ಮೀಟಿಂಗಿನಲ್ಲಿ ಕ್ಲೈಂಟ್ ಕಡೆಯಿಂದ ಇಬ್ಬರಿದ್ದರು. ಒಬ್ಬರು ಆ್ಯಪಿನ ಹೊಣೆ ಹೊತ್ತ ಹೆಂಗಸು. ಏನು ಹೇಳಿದರೂ ನಗುತ್ತಾ ತಲೆಯಾಡಿಸುವವರು. ಇನ್ನೊಬ್ಬರು ಕಾನೂನು ವಿಭಾಗದ ಗಂಡಸು, ಕ್ಯಾಮೆರಾ ಆರಿಸಿಕೊಂಡಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲಿ. ನಮ್ಮ ಮಾತಿಗೂ ಅದೇ ಯಂತ್ರ ಸಾರಾಂಶ ಬರೆಯುತ್ತಿತ್ತು. ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಮಿಣುಕುತ್ತಿತ್ತು.

ಮೊದಲು ಊಹೂಂ ಕೇಳಿಸಿದೆ. ಆ ಹೆಂಗಸಿಗೆ ನಿಜಕ್ಕೂ ಖುಷಿಯಾಯಿತು. ಇದು ಬಗ್, ಬೇಗ ಸರಿಮಾಡಿಸುತ್ತೇವೆ, ಇಂಥದ್ದನ್ನು ಹಿಡಿದದ್ದಕ್ಕೆ ಥ್ಯಾಂಕ್ಸ್ ಎಂದರು. ನಮ್ಮ ಮ್ಯಾನೇಜರ ಮುಖ ಅರಳಿತು. ಆಮೇಲೆ ಹೂಂಗೆ ಬಂದೆ. ಒಂದೊಂದಾಗಿ ಕೇಳಿಸಿ ಒಂದೊಂದರ ಅರ್ಥ ಹೇಳಿದೆ. ದೊಡ್ಡ ಬದಲಾವಣೆ ಏನೂ ಬೇಡ, ಬರೀ ಹೂಂ ಬಂದರೆ ಒಪ್ಪಿಗೆಯೆಂದು ಎಣಿಸಬಾರದು, ಅದರ ಜೊತೆ ಒಪ್ಪುವ ಮಾತೊಂದು ಇದ್ದರೆ ಮಾತ್ರ ಎಣಿಸಬೇಕು, ಪಟ್ಟಿಯಿಂದ ಒಂದು ಪದ ತೆಗೆದರೆ ಸಾಕು ಎಂದೆ. ಒಬ್ಬ ಹೆಣ್ಣುಮಗಳ ಜಮೀನು ಈ ಗುರುವಾರ ಇದರ ಮೇಲೆ ನಿಂತಿದೆ ಎಂಬುದನ್ನೂ ಹೇಳಿದೆ. ಆಕೆ ಟೈಪ್ ಮಾಡಿಕೊಳ್ಳುತ್ತಿದ್ದರು. ಕೆಲಸ ಆಯಿತು ಎಂದೇ ನಾನು ತಿಳಿದೆ.

ಆಗ ಕಾನೂನಿನವರು ಮೊದಲ ಸಲ ಬಾಯಿಬಿಟ್ಟರು. ಆ ಪದ ತೆಗೆಯುವುದು ಸುಲಭವಲ್ಲ ಎಂದರು. ಯಾಕೆಂದರೆ ಅದೇ ಪಟ್ಟಿಯನ್ನು ಕರೆಯ ಶುರುವಿನಲ್ಲಿ ಕೇಳುವ ಪ್ರಶ್ನೆಗೂ ಬಳಸುತ್ತಾರೆ.

ಆ ಪ್ರಶ್ನೆ ನನಗೆ ಗೊತ್ತಿತ್ತು. ಯಾರಾದರೂ ಮೊದಲ ಸಲ ಆ ಆ್ಯಪಿನಲ್ಲಿ ಕರೆ ಎತ್ತಿದರೆ, ಅತ್ತಲಿನವರ ಮಾತಿಗೆ ಮುಂಚೆ ಒಂದು ದನಿ ವಾರ್ತೆ ಓದುವವರಂತೆ ಕೇಳುತ್ತದೆ: 'ಈ ಕರೆಯನ್ನು ದಾಖಲಿಸಿ ಸಾರಾಂಶ ಸಿದ್ಧಪಡಿಸಲು ಹಾಗೂ ಸೇವೆಯ ಉನ್ನತೀಕರಣಕ್ಕಾಗಿ ಬಳಸಿಕೊಳ್ಳಲು ತಮ್ಮ ಸಮ್ಮತಿ ಇದೆಯೇ?' ಹೊಲದಲ್ಲಿ, ಮಗ್ಗದ ಮುಂದೆ, ಬಸ್ಸಿನಲ್ಲಿ ಫೋನ್ ಎತ್ತಿದವರು ಇದನ್ನು ಕೇಳಿ ಏನನ್ನುತ್ತಾರೆ? 'ಹೂಂ?' ಎನ್ನುತ್ತಾರೆ. ಅಂದರೆ, ಏನು? ಏನಂದ್ರಿ? ಯಂತ್ರ ಅದನ್ನು ಸಮ್ಮತಿ ಎಂದು ಗುರುತುಹಾಕಿಕೊಂಡು ಅಂದಿನಿಂದ ಅವರ ಪ್ರತಿ ಕರೆಯನ್ನೂ ತನ್ನ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಹೂಂ ಒಪ್ಪಿಗೆಯಲ್ಲ ಎಂದು ಇವತ್ತು ಬರೆದುಬಿಟ್ಟರೆ, ನಿನ್ನೆಯವರೆಗೆ ಹೀಗೆ ತೆಗೆದುಕೊಂಡದ್ದೆಲ್ಲ ಕೇಳದೆ ತೆಗೆದುಕೊಂಡದ್ದು ಎಂದು ತಾವೇ ಒಪ್ಪಿಕೊಂಡಂತೆ.

ಇದನ್ನು ನಾನು ಬಾಯಿಬಿಟ್ಟು ಹೇಳಿದೆ. ಯಾರೂ ಇಲ್ಲ ಅನ್ನಲಿಲ್ಲ. ಕಾನೂನಿನವರು ಬಹಳ ಮೃದುವಾಗಿ, ಈ ಭಾಗವನ್ನು ರೆಕಾರ್ಡ್ ಮಾಡುವುದು ಬೇಡ ಎಂದರು. ಮೂಲೆಯ ಕೆಂಪು ಚುಕ್ಕೆ ಆರಿತು. ಊರವರ ಅಣ್ಣ ತಂಗಿ, ಅತ್ತೆ ಸೊಸೆಯರ ಮಾತನ್ನೆಲ್ಲ ಕೂಡಿಟ್ಟುಕೊಳ್ಳುವ ಕಂಪನಿಗೆ ತನ್ನದೊಂದು ಮೀಟಿಂಗಿನ ಮಾತು ಉಳಿಯುವುದು ಬೇಡವಾಗಿತ್ತು. ನಗುಮುಖದ ಹೆಂಗಸು, ಕನ್ನಡ ತುಂಬಾ ಶ್ರೀಮಂತ ಭಾಷೆ, ಈ ಸೂಕ್ಷ್ಮಗಳನ್ನು ಮುಂದಿನ ಆವೃತ್ತಿಯಲ್ಲಿ ಖಂಡಿತ ಪರಿಗಣಿಸುತ್ತೇವೆ, ಅಲ್ಲಿಯವರೆಗೆ ಇರುವ ಗೈಡ್‌ಲೈನನ್ನೇ ಪಾಲಿಸಿ ಎಂದರು. ನನ್ನ ಭಾಷೆಯನ್ನು ಹೊಗಳಿ ನನ್ನ ಬಾಯಿ ಮುಚ್ಚಿಸಿದ್ದು ಅದೇ ಮೊದಲು. ವರ್ಷಕ್ಕೊಮ್ಮೆ ನಮಗೆಲ್ಲ ಅವರ ಎಥಿಕ್ಸ್ ಪಾಠ ಇರುತ್ತದೆ. ಬಳಕೆದಾರರಿಗೆ ಕೇಡಾಗುವುದು ಕಂಡರೆ ದನಿ ಎತ್ತಬೇಕು ಎಂಬುದು ಅದರಲ್ಲಿ ಸರಿಯುತ್ತರ. ಆ ಪರೀಕ್ಷೆಯಲ್ಲಿ ನಾನು ಪ್ರತಿ ಸಲ ಪಾಸಾಗಿದ್ದೆ.

ಬುಧವಾರ ಬೆಳಗ್ಗೆ ಬಸ್ಸಿನಲ್ಲಿ ಕೂತಾಗ ಒಂದು ಯೋಚನೆ ಬಂತು. ಆ ತಂಗಿಯ ತವರು ಬೆಳವಂಗಲದ ಹೋಬಳಿ, ಗಂಡನ ಮನೆಯಲ್ಲಿ ಮಗ್ಗ. ನಮ್ಮ ಚಿಕ್ಕಮ್ಮ ಇರುವುದೂ ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲೇ. ನಾಲ್ಕು ಮನೆ ವಿಚಾರಿಸಿದರೆ ಆಕೆ ಸಿಕ್ಕಿಯೇ ಸಿಗುತ್ತಾಳೆ. ಹೋಗಿ, 'ನೀನು ಒಪ್ಪಿಲ್ಲ ಅಂತ ನನಗೆ ಗೊತ್ತು ಕಣಮ್ಮ, ಸೈನ್ ಹಾಕಬೇಡ' ಎಂದು ಹೇಳಿ ಬಂದರೆ? ಆಕೆ ಮೊದಲು ಕೇಳುವುದೇ, ನಮ್ಮಣ್ಣ ನನ್ನ ಹತ್ರ ಮಾತಾಡಿದ್ದು ನಿಮಗೆ ಹೇಗೆ ಗೊತ್ತು ಎಂದು. ಅದಕ್ಕೆ ನನ್ನ ಬಳಿ ಮರ್ಯಾದೆಯ ಉತ್ತರ ಇರಲಿಲ್ಲ. ಕಂಪನಿ ಕೇಳಬಾರದ್ದನ್ನು ಕೇಳಿತ್ತು, ಅದನ್ನು ಹಿಡಿದುಕೊಂಡು ನಾನು ಬಾಗಿಲು ತಟ್ಟಿದರೆ ಅದೇ ಕೆಲಸದ ಮುಂದುವರಿಕೆ. ಆಕೆ ನನ್ನನ್ನು ಮನೆಗೆ ಕರೆದಿರಲಿಲ್ಲ. ಸಾರಾಂಶ ಸರಿಮಾಡಿ ಎಂದಿದ್ದಳು.

ಸರಿಮಾಡಲು ಒಂದೇ ದಾರಿ ಉಳಿದಿತ್ತು. ನಮ್ಮಲ್ಲಿ ನನ್ನಂಥ ಹಿರಿಯ ಪರಿಶೀಲಕರಿಗೆ ಅಂತಿಮ ತಿದ್ದುಪಡಿ ಎಂಬ ಅಧಿಕಾರವಿತ್ತು. ಯಂತ್ರ ಯಾರದಾದರೂ ಮಾತನ್ನು ಬೈಗುಳವೆಂದು ತಪ್ಪಾಗಿ ಬರೆದರೆ, ಕ್ಯೂಸಿಯನ್ನು ಕಾಯದೆ ಸಾರಾಂಶ ಅಳಿಸಿ ಹೊಸದಾಗಿ ಬರೆದು ಇಬ್ಬರ ಫೋನಿಗೂ ಕಳಿಸಲು ಕೊಟ್ಟದ್ದು ಅದು. ಬೇರೆ ಯಾವುದಕ್ಕೂ ಬಳಸಬಾರದು ಎಂಬ ನಿಯಮವಿತ್ತು. ಬಳಸಿದರೆ ಯಾರು ಬಳಸಿದರೆಂದು ಅಲ್ಲೇ ದಾಖಲಾಗುತ್ತದೆ. ಹಿಂದಿನ ದಿನ ಮನೆಯಲ್ಲಿ ಇದನ್ನು ಹೇಳಿದಾಗ ನನ್ನ ಗಂಡ, "ಕೆಲ್ಸ ಹೋದ್ರೆ?" ಎಂದಿದ್ದರು. ಹೋದರೆ ಹೋಗಲಿ ಎನ್ನುವ ಗಟ್ಟಿತನ ನನಗಿರಲಿಲ್ಲ. ಹೋಗುವುದು ಬೇಡವೆಂದೇ ಇತ್ತು. ಭಯ ಆಗುತ್ತಿತ್ತು.

'ಗೊತ್ತಾಗುತ್ತಿಲ್ಲ' ಎಂಬ ಬಟನ್ ಕೂಡ ಕಣ್ಣಮುಂದೆ ಇತ್ತು. ಅದನ್ನು ಒತ್ತಿದರೆ ಯಾರೂ ನನ್ನನ್ನು ಏನೂ ಅನ್ನುತ್ತಿರಲಿಲ್ಲ. ಆದರೆ ದೂರು ಇನ್ನೊಬ್ಬರ ಸರದಿಗೆ ಹೋಗಿ ಗುರುವಾರ ಕಳೆದುಹೋಗುತ್ತಿತ್ತು. ಗೊತ್ತಿರುವುದನ್ನು ಗೊತ್ತಿಲ್ಲ ಎನ್ನಲು ಬೆರಳು ಬರಲಿಲ್ಲ.

ಕರೆಯನ್ನು ಮತ್ತೊಮ್ಮೆ ಮೊದಲಿಂದ ಕೇಳಿದೆ. ಅಣ್ಣನಿಗೂ ಅನ್ಯಾಯವಾಗಬಾರದು. ಆಕೆ ಎಲ್ಲಾದರೂ ಆಯ್ತು ಎಂದಿದ್ದಾಳೆಯೇ, ಬರ್ತೀನಿ ಎಂದಿದ್ದಾಳೆಯೇ ಎಂದು ಮಗ್ಗದ ಸದ್ದಿನ ಸಂದುಗಳಲ್ಲೆಲ್ಲ ಹುಡುಕಿದೆ. ಇರಲಿಲ್ಲ. ಆಮೇಲೆ ಸಾರಾಂಶ ಅಳಿಸಿ ಬರೆದೆ: 'ತಂದೆಯ ಜಮೀನಿನ ಪಾಲು ಬಿಟ್ಟುಕೊಡುವಂತೆ ಅಣ್ಣ ಕೇಳಿದರು. ತಂಗಿ ಮಾತು ಕೇಳಿಸಿಕೊಂಡರು. ಮನೆಯಲ್ಲಿ ಕೇಳಿ ನೋಡುವುದಾಗಿ ಹೇಳಿದರು. ಒಪ್ಪಿಗೆ ಕೊಟ್ಟಿಲ್ಲ. ಹಿಂದೆ ಕಳಿಸಿದ ಸಾರಾಂಶ ತಪ್ಪಾಗಿತ್ತು.' ಕೊನೆಯ ಸಾಲು ಬೇಕೇ ಎಂದು ಯೋಚಿಸಿದೆ. ಆ ಕಂಪನಿ ಯಾರಿಗೂ ತಪ್ಪಾಗಿತ್ತು ಎಂದು ಕನ್ನಡದಲ್ಲಿ ಹೇಳಿದ್ದು ನಾನು ಕಂಡಿರಲಿಲ್ಲ. ಹಾಗೇ ಇಟ್ಟು ಕಳಿಸಿದೆ.

ಕಳಿಸಿದ್ದು ಮ್ಯಾನೇಜರ ಪರದೆಯಲ್ಲಿ ಆ ಕ್ಷಣವೇ ಕಾಣಿಸಿತು. ಗಾಜಿನಾಚೆಯಿಂದ ನನ್ನತ್ತ ನೋಡಿದರು. ಎದ್ದು ಬರುತ್ತಾರೆ ಎಂದುಕೊಂಡೆ. ಬರಲಿಲ್ಲ. ಊಟಕ್ಕೆ ಹೊರಟುಹೋದರು. ಹಿಂತೆಗೆದುಕೊಳ್ಳುವ ಅವಕಾಶ ಅವರಿಗಿತ್ತು. ಸಂಜೆಯವರೆಗೂ ಅದನ್ನು ಬಳಸಲಿಲ್ಲ. ಅದು ಧೈರ್ಯವೋ ಸೋಮಾರಿತನವೋ ನಾನು ಇಂದಿಗೂ ಅವರನ್ನು ಕೇಳಿಲ್ಲ.

ಗುರುವಾರ ಇಡೀ ದಿನ ನನಗೆ ಕೆಲಸ ಹತ್ತಲಿಲ್ಲ. ಸಬ್‌ರಿಜಿಸ್ಟ್ರಾರ್ ಆಫೀಸಿನ ಆ ಬೆಂಚು, ಸ್ಟಾಂಪ್ ವೆಂಡರುಗಳ ಗಲಾಟೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರ ಎಲ್ಲ ಕಣ್ಣಮುಂದೆ ಬರುತ್ತಿತ್ತು. ಆಕೆ ಹೋದಳೋ ಇಲ್ಲವೋ ನನ್ನ ಪರದೆಯ ದೂರಿನ ಕಿಟಕಿ ಹೇಳುವುದಿಲ್ಲ. ಅದರಲ್ಲಿ 'ಮುಕ್ತಾಯಗೊಂಡಿದೆ' ಎಂದಷ್ಟೇ ಇತ್ತು.

ಮುಂದಿನ ವಾರ ವೆಂಡರಿನ ಎಚ್ಆರ್ ಕರೆದರು. ಅಧಿಕಾರದ ದುರ್ಬಳಕೆ ಎಂದರು. ತಿದ್ದಿದ ಸಾರಾಂಶ ಸುಳ್ಳೇ ಎಂದು ಕೇಳಿದೆ. ಪ್ರಶ್ನೆ ಅದಲ್ಲ ಎಂದರು. ಮತ್ತೆ ಪ್ರಶ್ನೆ ಯಾವುದು ಎಂದೆ. ಕ್ಲೈಂಟಿನಿಂದ ಮೇಲ್ ಬಂದಿತ್ತಂತೆ. ಬಳಕೆದಾರರ ನಂಬಿಕೆಯೇ ತಮ್ಮ ಮೊದಲ ಮೌಲ್ಯ, ಅದಕ್ಕೆ ಧಕ್ಕೆ ತರುವವರು ಈ ಪ್ರಾಜೆಕ್ಟಿನಲ್ಲಿ ಇರುವಂತಿಲ್ಲ ಎಂದು ಅದರಲ್ಲಿ ಇತ್ತು. ಹಾಗೆ ನನ್ನನ್ನು ಪ್ರಾಜೆಕ್ಟಿನಿಂದ 'ರಿಲೀಸ್' ಮಾಡಿದರು. ಬೇರೆ ಪ್ರಾಜೆಕ್ಟ್ ಏನಾದರೂ ಬಂದರೆ ಕರೆಯುತ್ತೇವೆ ಎಂದರು. ಸಬ್‌ರಿಜಿಸ್ಟ್ರಾರ್ ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ ನನ್ನ ಹಕ್ಕೂ ಖುಲಾಸೆಯಾಯಿತು. ಅಂತಿಮ ತಿದ್ದುಪಡಿಯ ಬಟನನ್ನು ದಾಬಸ್‌ಪೇಟೆಯ ಯಾರ ಪರದೆಯ ಮೇಲೂ ಉಳಿಸಲಿಲ್ಲ. ಊಹೂಂ ಮಾತ್ರ ಸರಿಯಾಯಿತೆಂದು ಪಕ್ಕದ ಮೇಜಿನ ಹುಡುಗಿ ಆಮೇಲೆ ಹೇಳಿದಳು. ಹೂಂ ಅದೇ ಪಟ್ಟಿಯಲ್ಲಿ ಅದೇ ಜಾಗದಲ್ಲಿದೆ.

ಕೊನೆಯ ದಿನ, ಬಾಕಿ ಇರುವುದನ್ನು ಮುಗಿಸಿ ಬ್ಯಾಡ್ಜ್ ಕೊಟ್ಟು ಹೋಗಿ ಎಂದಿದ್ದರು. ಒಮ್ಮೆ ನೋಡಿದ ದೂರಿಗೆ ಸಂಬಂಧಿಸಿದ ಹೊಸ ದೂರು ಬಂದರೆ ಅದೇ ಪರಿಶೀಲಕರಿಗೆ ಬರುವುದು ಪದ್ಧತಿ. ಮಧ್ಯಾಹ್ನ ಒಂದು ಬಂತು. ಈ ಸಲ ಬರೆದವನು ಅಣ್ಣ. 'ಸಾರಾಂಶ ತಪ್ಪಾಗಿದೆ. ನಿಮ್ಮ ಆ್ಯಪ್ ನಮ್ಮ ಮನೆ ಒಡೀತಿದೆ.' ಅದರ ಜೊತೆ ಇದ್ದದ್ದು ಅವನು ತಂಗಿಗೆ ಮಾಡಿದ ಇನ್ನೊಂದು ಕರೆ. ಯಂತ್ರ ಅದಕ್ಕೆ ಬರೆದಿದ್ದ ಸಾರಾಂಶ: 'ತಂಗಿ ಸಹಿ ಹಾಕಲು ನಿರಾಕರಿಸಿದ್ದಾರೆ.'

ಹೆಡ್‌ಫೋನ್ ಹಾಕಿಕೊಂಡೆ. ಅಣ್ಣ ಮೊದಲು ಸಮಾಧಾನವಾಗಿಯೇ ಮಾತಾಡಿದ. ಗುರುವಾರ ಎಲ್ಲರನ್ನೂ ಕರೆದುಕೊಂಡು ಹೋಗಿ ಕಾದದ್ದು, ಪಾರ್ಟಿಯವರ ಮುಂದೆ ಮರ್ಯಾದೆ ಹೋದದ್ದು. ಆಮೇಲೆ ದನಿ ಏರಿತು. ಒಪ್ಪಿಕೊಂಡು ಹೀಗೆ ಮಾಡಬಹುದಾ ಎಂದ.

"ಫೋನಲ್ಲಿ ಬರ್ದಿದ್ದೇ ನಿಜ ಅಂತ ಊರಿಗೆಲ್ಲ ತೋರಿಸ್ದೆ ನೀನು. ಈಗ ಅದೇ ಫೋನಲ್ಲಿ ನಾನು ಒಪ್ಪಿಲ್ಲ ಅಂತ ಬಂದಿದೆ. ಅದನ್ನೂ ತೋರ್ಸು."

"ನೋಡು, ಇವತ್ತಿಗೆ ತವರು ಮುಗೀತು ಅಂದ್ಕೋ. ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ಈ ಮನೆಯಿಂದ ಯಾರೂ ಬರಲ್ಲ."

ಆಕೆ ಅಳುತ್ತಿದ್ದಳು. ಮೂಗು ಏರಿಸಿಕೊಳ್ಳುವ ಸದ್ದು ಸ್ಪಷ್ಟವಾಗಿತ್ತು. ಯಂತ್ರ ಅದನ್ನು ಎಲ್ಲೂ ಬರೆದಿರಲಿಲ್ಲ. ಅಣ್ಣನಿಗೆ ಸೋತುಬಿಡುತ್ತಾಳೆ ಎಂದೇ ನನಗೆ ಅನ್ನಿಸಿತು.

"ಬಾಗಿನ ಬೇಡ ಕಣಣ್ಣ," ಎಂದಳು. "ಪಾಲು ಬೇಕು."

ಫೋನ್ ಇಟ್ಟದ್ದು ತಂಗಿ.

ನಾನು 'ಸಾರಾಂಶ ಸರಿ' ಒತ್ತಿ, ಬ್ಯಾಡ್ಜ್ ಕೊಟ್ಟು ಕೆಳಗಿಳಿದೆ.